ಎಡಗಾಲೋ ಬಲಗಾಲೋ ಎಂದು ಕೇಳುವ ಟೈಲರಮ್ಮ

ಮೆಟ್ಟಿಲು ಹತ್ತುವ ಗಿರಾಕಿಯ ಜೇಬು ಎಷ್ಟು ಆಳ ಎಂದು ನಡಿಗೆ ನೋಡಿಯೇ ಹೇಳಬಲ್ಲ ಬಟ್ಟೆ ವ್ಯಾಪಾರಿಗೆ ಟೈಲರಮ್ಮ ಮಾತ್ರ ಅಳತೆಗೆ ಸಿಕ್ಕವಳಲ್ಲ. ಒಂದು ಮೀಟರ್ ಲೈನಿಂಗ್ ಬಟ್ಟೆಗೆ ಅರ್ಧ ಗಂಟೆ ಚೌಕಾಶಿ ಮಾಡಿ ಅವನ ಜೀವ ಹಿಂಡುವ ಆಕೆ, ಅವನು "ಮೊಣಕಾಲು ನೋವಮ್ಮ" ಎಂದರೆ ಸಾಕು, ರೇಟು ಮರೆತು ಪ್ರಾರ್ಥನೆಗೆ ಕೂತುಬಿಡುತ್ತಾಳೆ. "ಯಾವ ಕಾಲಣ್ಣ, ಎಡವೋ ಬಲವೋ? ಕೂತಾಗ ನೋವೋ, ಎದ್ದಾಗಲೋ?" ಎಂದು ವಿಚಾರಿಸುತ್ತಾಳೆ. "ಯಾಕಮ್ಮ, ನಿಮ್ಮ ಯೇಸಪ್ಪನಿಗೆ ಅಷ್ಟೂ ಗೊತ್ತಿರಲ್ವಾ?" ಎಂದು ವ್ಯಾಪಾರಿ ಕೆಣಕುತ್ತಾನೆ. "ಅವನಿಗೆ ಗೊತ್ತಣ್ಣ, ನನಗೆ ಗೊತ್ತಾಗಬೇಡವಾ? ಗೊತ್ತಿಲ್ಲದ ನೋವಿಗೆ ಮನಸಿಟ್ಟು ಹೇಗೆ ಬೇಡಲಿ?" ಎಂದವಳೇ ಅಲ್ಲೇ, ಬಟ್ಟೆ ಥಾನುಗಳ ನಡುವೆ, ಕಣ್ಣು ಮುಚ್ಚಿ ಶುರುಮಾಡುತ್ತಾಳೆ: ವ್ಯಾಪಾರಿಯ ಮೊಣಕಾಲು, ಪೋಸ್ಟ್‌ಮ್ಯಾನ್ ಕೆಮ್ಮು, ಎದುರು ಬಟ್ಟೆ ಅಂಗಡಿಯ ಬಿದ್ದುಹೋದ ವ್ಯಾಪಾರ. "ಅದೊಂದು ಬಿಡಿ ತಾಯಿ, ಬಿದ್ದೇ ಇರಲಿ" ಎಂದು ಇವನು ಗೊಣಗಿದರೆ, ಒಂದೇ ಕಣ್ಣು ತೆರೆದು "ಸುಮ್ನಿರಣ್ಣ" ಎಂದು ಗದರಿ ಮತ್ತೆ ಮುಚ್ಚುತ್ತಾಳೆ. ದೇವರಿಗೂ ಬಾಯಿ ಬಿಡಲು ಸಂದು ಕೊಡದ ಹೆಂಗಸು ಎಂದು ಬೀದಿಯೆಲ್ಲ ನಗುತ್ತದೆ. ಆದರೆ ಮಗಳ ಹೆರಿಗೆ ಕಷ್ಟವಾಗಿ ವ್ಯಾಪಾರಿ ಆಸ್ಪತ್ರೆಯ ಬೆಂಚಿನ ಮೇಲೆ ಬೆವರುತ್ತಿದ್ದ ದಿನ, ಓಡಿ ಬಂದ ಟೈಲರಮ್ಮ ಒಂದು ವಿವರವನ್ನೂ ಕೇಳಲಿಲ್ಲ. ಅವನ ಕೈ ಹಿಡಿದು "ಯೇಸಪ್ಪಾ" ಎಂದಳು. ಮುಂದಕ್ಕೆ ಮಾತೇ ಬಾರದೆ ಬಿಕ್ಕಿ ಬಿಕ್ಕಿ ಅತ್ತಳು. ಒಳಗಿನಿಂದ ಮೊಮ್ಮಗಳ ಮೊದಲ ಅಳು ಕೇಳಿದ ಮೇಲೆ ಇಬ್ಬರೂ ಕಣ್ಣೊರೆಸಿಕೊಂಡು ನಕ್ಕಿದ್ದೇ ನಕ್ಕಿದ್ದು. ಅವನ ಮಗಳಿಗಾಗಿ ಅವನಷ್ಟೇ ನೊಂದು ಬೇಡಿಕೊಂಡಳಲ್ಲ, ಟೈಲರಮ್ಮನ ಆ ಋಣ ವ್ಯಾಪಾರಿಯ ಮೇಲಿದೆ.