ಹೆಗಲ ಮೇಲಿನ ಬಲಗಾಲು

“ಇಂವ ಮತ್ತ ಹೊರಗ ಕುಂತಾನಲ್ಲಲೇ. ಇಂಥಾ ಗಾಜಿನ ಕಾಲು ಇಟಗೊಂಡು ಆಡಾಕ ಯಾಕ ಬರಬೇಕು?” ಎಂದು ಪಕ್ಕದ ಗೆಳೆಯನಿಗೆ ಜೋರಾಗಿಯೇ ಹೇಳಿದೆ. ಚಿಕ್ಕೋಡಿಯಲ್ಲಿ ಬಾಸ್ಕೆಟ್‌ಬಾಲ್ ಪಂದ್ಯ ನಡೆದಿತ್ತು. ನಮ್ಮ ಶೇಡಬಾಳದ ಮಹಾವೀರ, ತಂಡದಲ್ಲೇ ಎತ್ತರದ ಆಟಗಾರ, ಬಲಗಾಲಿಗೆ ಪಟ್ಟಿ ಸುತ್ತಿಕೊಂಡು ಬೆಂಚಿನ ಮೇಲಿದ್ದ. ಎರಡು ವರ್ಷದಲ್ಲಿ ಇದು ಮೂರನೇ ಪೆಟ್ಟು. ಅವನಿಲ್ಲದೆ ನಾವು ಸೋಲುತ್ತಿದ್ದೆವು.

ಮುಂದಿನ ಸಾಲಿನಲ್ಲಿ ಕುಳಿತಿದ್ದ ಅವನ ತಾಯಿ ಹಿಂತಿರುಗಿ ನೋಡಿದರು.

“ಅಣ್ಣಾರ, ಮೊದಲನೇ ಸಲ ಕಾಲಿಗೆ ಪೆಟ್ಟಾದದ್ದು ಆಟದಾಗ ಅಲ್ರಿ. ಗೆದ್ದಾಗ ಗುಲಾಲ್ ಹಾರಿಸಿ, ಹೆಗಲ ಮ್ಯಾಲೆ ಹೊತಗೊಂಡು ಕುಣದ್ರಲ್ಲ, ಆವಾಗ ಕೆಳಗ ಬಿದ್ದು ಉಳಕಿತು. ಈಗ ಅದ ಕಾಲು ಮತ್ತ ಮತ್ತ ಉಳಕತೈತಿ. ಎತ್ತಿದವರಿಗೆ ಬ್ಯಾಸರ ಆಗ್ತೈತಂತ ಅಂವ ಯಾರ ಮುಂದೂ ಹೇಳಿಲ್ರಿ.”

ಅಂದು ಅವನ ಬಲಗಾಲು ನನ್ನ ಹೆಗಲ ಮೇಲಿತ್ತು. ಗುಲಾಲು ತೂರಲೆಂದು ಕೈ ಬಿಟ್ಟವನು ನಾನೇ. ಬಿದ್ದವನು ನಗುತ್ತಲೇ ಎದ್ದಿದ್ದ, ನಾನು ಮರೆತೇಬಿಟ್ಟಿದ್ದೆ.

ಮೊನ್ನೆ ಅಥಣಿಯಲ್ಲಿ ಮಹಾವೀರ ಮತ್ತೆ ಆಡಿದ, ನಾವು ಗೆದ್ದೆವು. ಗುಲಾಲು ಹಾರಿತು, ಜನ ಅವನನ್ನು ಎತ್ತಲು ನುಗ್ಗಿದರು. ನಾನು ಅಡ್ಡ ನಿಂತು, “ಯಾರೂ ಎತ್ತಬ್ಯಾಡ್ರಿ, ಅಂವ ನಡಕೊಂಡ ಬರ್ತಾನ” ಎಂದೆ. ಬೈದರು, ತಳ್ಳಿದರು, ನಾನು ಜಾಗ ಬಿಡಲಿಲ್ಲ. ಅವನು ತನ್ನ ಕಾಲ ಮೇಲೆಯೇ ನಡೆದು ತಾಯಿಯ ಹತ್ತಿರ ಹೋದ.