ಕಡಗೋಲು ಕಚ್ಚಿ ಕೇಳಿದ್ದು

ಬೆಳಗಾವಿಯ ಖಾಸಬಾಗದಲ್ಲಿ ನಮ್ಮ ಮನೆಗಿಂತ ಮನೆಯ ಮುಂದೆ ನಿಲ್ಲುತ್ತಿದ್ದ ಲಾರಿಯೇ ದೊಡ್ಡದಿತ್ತು. ಖಾನಾಪುರದ ಭಟ್ಟಿಗಳಿಂದ ಹಂಚು ಹೇರಿಕೊಂಡು ಬೆಳಗಾವಿಗೆ ತರುವುದು ಅದರ ಕೆಲಸ. ಅಪ್ಪ ಅದನ್ನು ಗ್ಯಾರೇಜಿಗೆ ಬಿಟ್ಟಿದ್ದನ್ನು ನಾನು ಕಂಡಿಲ್ಲ. ಏನು ಕೆಟ್ಟರೂ ಅಂಗಳದಲ್ಲೇ ಉಪಚಾರ. ಇಂಜಿನ್ ಚಾಲೂ ಮಾಡಿಸಿ, ಕಣ್ಣು ಮುಚ್ಚಿ ನಿಂತು ಕೇಳುತ್ತಿದ್ದರು. ರೋಗ ಎಲ್ಲಿದೆ ಎಂದು ಕಿವಿ ಹೇಳಿದ ಮೇಲೆಯೇ ಪಾನಾ, ಅಂದರೆ ಸ್ಪ್ಯಾನರು, ಹಿಡಿಯುವುದು.

ಅಂಥವರಿಗೆ ಕಿವಿಯೇ ಕೈಕೊಟ್ಟಿತು. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ, ನಾನು ಕಾಲೇಜಿಗೆ ಹೋಗುತ್ತಿದ್ದಾಗ, ಅವರೇ ಸ್ಟೇರಿಂಗ್ ಬಿಟ್ಟು ಅಣ್ಣನಿಗೆ ಕೊಟ್ಟರು. ರಿಪೇರಿಯೊಂದು ಮಾತ್ರ ಅವರದಾಗಿ ಉಳಿಯಿತು. ಅವ್ವ ಅವರನ್ನು ಊಟಕ್ಕೆ ಕರೆದರೆ ಇಡೀ ಓಣಿಯೇ ಕೈ ತೊಳೆದುಕೊಳ್ಳಬೇಕು, ಹಾಗೆ ಒದರುತ್ತಿದ್ದಳು. ನಾವು ನಗುತ್ತಿದ್ದೆವು. ಅಪ್ಪ ಮಾತೇ ಕಡಿಮೆ ಮಾಡಿದರು.

ಒಂದು ರವಿವಾರ ಬೆಳಿಗ್ಗೆ ಲಾರಿ ಗರಗರ ಎನ್ನುತ್ತ ಬಂದು ನಿಂತಿತು. ಅಣ್ಣ ಇಳಿದವನೇ ಅಪ್ಪನ ಕಿವಿಯ ಹತ್ತಿರ ಕೂಗಿ ಹೇಳಿದ: "ಇಂಜಿನ್ನಿನ ಬೇರಿಂಗ್ ಹೋಗ್ಯಾವ ಅಪ್ಪಾ. ಪೂರಾ ಬಿಚ್ಚಬೇಕು. ಅದಕ್ಕಿಂತ ಮಾರಿಬಿಡೂಣು."

ಅಪ್ಪ ಬಾನೆಟ್ ಎತ್ತಿ ಬಹಳ ಹೊತ್ತು ನಿಂತರು. ಉದ್ದನೆಯ ಸ್ಕ್ರೂಡ್ರೈವರನ್ನು ಚಾಲೂ ಇದ್ದ ಇಂಜಿನ್ನಿಗೆ ಊರಿ ಹಿಡಿಕೆಗೆ ಕಿವಿ ಕೊಟ್ಟರು. ಏನೂ ಕೇಳಲಿಲ್ಲ. ಲಾರಿ ಹೋದರೆ ಈ ಮನುಷ್ಯನಿಗೆ ಈ ಮನೆಯಲ್ಲಿ ಮಾಡಲು ಏನೂ ಉಳಿಯುವುದಿಲ್ಲ ಎಂದು ನನಗೆ ಆಗ ಹೊಳೆಯಿತು.

ಸೋತು ಕಟ್ಟೆಯ ಮೇಲೆ ಕೂತ ಅಪ್ಪ ಕಿಸೆಯಿಂದ ಹುರಿಗಡಲೆ ತೆಗೆದು ಬಾಯಿಗೆ ಹಾಕಿಕೊಂಡರು. ಎರಡು ಸಲ ಅಗಿದು ನಿಲ್ಲಿಸಿದರು. ಮತ್ತೆ ಅಗಿದರು.

"ಕಡಲಿ ಸಪ್ಪಳ ಕೇಳಾಕತ್ತೈತಿ" ಎಂದರು.

"ನಾ ಒದರೂದು ಕೇಳಂಗಿಲ್ಲ, ಕಡಲಿ ಕೇಳತೈತಂತ" ಎಂದಳು ಪಡಸಾಲೆಯಲ್ಲಿ ಮಜ್ಜಿಗೆ ಕಡೆಯುತ್ತಿದ್ದ ಅವ್ವ. ಅಪ್ಪ ಒಳಗೆ ಬಂದು ಅವಳ ಕೈಯಿಂದ ಕಡಗೋಲನ್ನೇ ಕಸಿದುಕೊಂಡರು. ಅವ್ವ ಮೈಲಿಗೆ, ಆಯಿಲ್ಲು ಎಂದು ಹಿಂದೆ ಓಡಿದರೆ ಕೇಳುವವರು ಯಾರು?

ಕಡಗೋಲಿನ ಗುಂಡು ತುದಿಯನ್ನು ಇಂಜಿನ್ನಿಗೆ ಊರಿ, ಸಣ್ಣ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಅಪ್ಪ ಕಣ್ಣು ಮುಚ್ಚಿದರು. ಎಷ್ಟೋ ದಿನಗಳ ಮೇಲೆ ಆ ಹಳೆಯ ಮುಖ ಕಂಡಿತು. ಇಂಜಿನ್ನಿನ ಮೇಲೆ ಅಲ್ಲಿಷ್ಟು, ಇಲ್ಲಿಷ್ಟು ಊರುತ್ತ ಹೋಗಿ, ಕಡೆಗೆ ಪಕ್ಕದ ಡೈನಮೋ ಮೇಲೆ ಇಟ್ಟವರು ಅಲ್ಲಿಂದ ಅಲುಗಲಿಲ್ಲ. ಬಾಯಿಂದ ಕೋಲು ತೆಗೆದು, "ಇಂಜಿನ್ ಗಟ್ಟಿ ಐತಿ. ಇದರ ಬೇರಿಂಗ್ ಹೋಗೈತಿ. ಬೆಲ್ಟ್ ಕಳದು ಚಾಲೂ ಮಾಡು" ಎಂದರು.

ಅಣ್ಣ ಇಂಜಿನ್ ಆರಿಸಿ, ಡೈನಮೋ ತಿರುಗಿಸುವ ಬೆಲ್ಟ್ ಕಳಚಿ, ಮತ್ತೆ ಚಾಲೂ ಮಾಡಿದ. ಗರಗರ ಇರಲಿಲ್ಲ. ಅಣ್ಣ ಕೆಳಗಿಳಿದು ಅಪ್ಪನ ಬಾಯಿಯನ್ನೇ ನೋಡುತ್ತ ನಿಂತ. ಇಂಜಿನ್ ಬಿಚ್ಚಿದ್ದರೆ ಗುಡ್ಡ ಅಗೆದು ಇಲಿ ಹಿಡಿದ ಹಾಗೆ ಆಗುತ್ತಿತ್ತು. ಕಿವಿಯ ಬಾಗಿಲು ಮುಚ್ಚಿದರೆ ಹಲ್ಲಿನ ಬಾಗಿಲು ತೆರೆದಿಟ್ಟವನು ಯಾವ ಮೇಸ್ತ್ರಿಯೋ ಎಂದು ಇವತ್ತಿಗೂ ಬೆರಗಾಗುತ್ತೇನೆ.

ಲಾರಿ ಮಾರುವ ಮಾತು ಅಲ್ಲಿಗೇ ನಿಂತಿತು. ಇಂಜಿನ್ ಆರಿಸಿದ ಮೇಲೂ ಅಪ್ಪ ಕಡಗೋಲು ಬಿಡಲಿಲ್ಲ. ಬಾಗಿಲ ಚೌಕಟ್ಟಿಗೆ ಇಟ್ಟು ಕಚ್ಚಿದರು, ರೇಡಿಯೋಕ್ಕೆ ಇಟ್ಟು ಕಚ್ಚಿದರು. ಅವ್ವ ಬೈಯುತ್ತ ಬಂದಳು. ಆಮೇಲೆ ಅವಳಿಗೆ ಏನು ಹೊಳೆಯಿತೋ, ಅಪ್ಪ ಇನ್ನೂ ಕಚ್ಚಿಕೊಂಡಿದ್ದ ಕೋಲಿನ ಆಯಿಲ್ ಹತ್ತಿದ ತುದಿಯನ್ನು ಸೆರಗಿನಿಂದ ಒರೆಸಿ, ತನ್ನ ಗದ್ದಕ್ಕೆ ಒತ್ತಿಕೊಂಡಳು. ಒದರಲಿಲ್ಲ. "ಬದನಿಕಾಯಿ ಪಲ್ಯಾ ಆರತೈತಿ, ಬರ್ರಿ" ಎಂದಳು ಮೆಲ್ಲಗೆ.

ಅಪ್ಪ ಕೋಲನ್ನು ಬಾಯಿಂದ ತೆಗೆದರು. ಕಣ್ಣು ತುಂಬಿದ್ದವು.

"ನಿಂದು ಇಷ್ಟು ಸಣ್ಣ ದನಿ ಅನ್ನೂದ ಮರತಬಿಟ್ಟಿದ್ನಿ" ಎಂದರು.