ಏನೂ ಕಟ್ಟದಿರಲೆಂದು ಟೊಂಕ ಕಟ್ಟಿದವರು

ಬಂಡೆಗಳಿಗೆ ಇನ್ನೂ ಬಿಸಿಲು ಹತ್ತಿಲ್ಲ. ಒಫೇಲಿಯಾ ಉರ್ಕೀದಿ ಆಗಲೇ ಸುತ್ತಿಗೆ ಬೀಸುತ್ತಿದ್ದಾರೆ. ಒಡೆಯುತ್ತಿರುವುದು ಹೊಚ್ಚಹೊಸ ಸಿಮೆಂಟ್ ಕಟ್ಟೆ. ಅದರ ಮೇಲೊಂದು ಫಲಕ: 'ಇಲ್ಲಿ ಎಂದೆಂದಿಗೂ ಏನನ್ನೂ ಕಟ್ಟಕೂಡದು.'

ಕಟ್ಟಿದವನು ಮೈದುನ ಚಾನೊ, ಊರಿನ ಗಾರೆ ಮೇಸ್ತ್ರಿ. ಅತ್ತಿಗೆಯ ಹೋರಾಟಕ್ಕೆ ತನ್ನದೂ ಒಂದು ಕಲ್ಲಿರಲಿ ಎಂದು ಭಾನುವಾರ ಯಾರಿಗೂ ಹೇಳದೆ ಬಂದು ಕಟ್ಟಿಹೋಗಿದ್ದಾನೆ. ಗಾರೆಯವನ ಪ್ರೀತಿ ಗಟ್ಟಿಯಾಗುವುದು ಗಾರೆಯಲ್ಲೇ ತಾನೆ!

"ಇದೇ ಕೊನೇದು ಅಂತ ಕಟ್ಟಿದ್ದು ಅತ್ಗೆ," ಎಂದು ಗೊಣಗುತ್ತಾನೆ.

"ಹೋಟೆಲ್ ಕಟ್ಟೋರೂ ಅದನ್ನೇ ಅನ್ನೋದು ಕಣೋ!"

"ಒಡೆಯೋ ಮಷಿನ್ ಗಾಡೀಲಿದೆ, ತರ್ಲಾ?"

"ಇಲ್ಲಿಗೆ ಮಷಿನ್ ಬೇಡ ಅಂತಾನೇ ಅಲ್ವೇನೋ ಇಷ್ಟು ವರ್ಷ ಗಂಟ್ಲು ಹರ್ಕೊಂಡಿದ್ದು? ಹಿಡಿ ಸುತ್ತಿಗೆ!"

ಅವಸರಕ್ಕೆ ಕಾರಣವಿದೆ. ಟೆಕ್ಸಾಸಿನ ಅಂಚಿನ ಈ ಮರುಭೂಮಿ ರಾಷ್ಟ್ರೀಯ ಉದ್ಯಾನವೇನೋ ಹೌದು. ಆದರೆ ನಾಳೆ ಯಾರಾದರೂ ಒಳಗೆ ಹೊಸ ರಸ್ತೆ, ಹೋಟೆಲು ತಂದರೆ ತಡೆಯಲು ಅಷ್ಟೇ ಸಾಲದು. ಇದು ಕಾಯಂ ವನ್ಯನೆಲ ಎಂದು ಸಂಸತ್ತು ಸಾರಬೇಕು. ಹಾಗೆ ಸಾರಲು ನೆಲದ ಮೇಲೆ ಮನುಷ್ಯನ ಕೈಗುರುತು ಕಾಣಬಾರದು. ನೋಡಿಹೋಗಲು ವಾಷಿಂಗ್ಟನ್ನಿನವರು ಈ ಬೆಳಿಗ್ಗೆಯೇ ಬರುತ್ತಿದ್ದಾರೆ.

ಕಾಲುದಾರಿ ರಿಪೇರಿಯವರಿಗೆ ಹೇಸರಗತ್ತೆಗಳ ಮೇಲೆ ನೀರು, ಹುರುಳಿಕಾಳು, ಗರಗಸ ಸಾಗಿಸುವುದು ಒಫೇಲಿಯಾ ಅವರ ಕಸುಬು. ಸಂಜೆ ಮನೆಮನೆಗೆ ಹೋಗಿ ವನ್ಯನೆಲದ ಮನವಿಗೆ ಸಹಿ ಕೇಳುತ್ತಾರೆ. ಬಿಸಿಲಿಗಿಂತ ಸುಡುವುದು ಅದೇ. ಅಂಗಡಿಯ ವೆಂಡೆಲ್‌ನ ಮೂಗುಸ್ವರವನ್ನು ಅವರು ಥೇಟ್ ಹೊರಡಿಸುತ್ತಾರೆ: "'ರಸ್ತೆ ಮುಚ್ಚಿಸ್ತೀಯಂತಲ್ಲ ಒಫೇಲಿಯಾಆಆ?' ಇರೋ ರಸ್ತೆ ಇರತ್ತೆ ಮಾರಾಯ, ಹೊಸದು ಬೇಡ ಅಂತಿರೋದು ಅಂತ ಹೇಳಿ ಹೇಳಿ ನನ್ ಕತ್ತೆಗಳಿಗೂ ಬಾಯಿಪಾಠ ಆಗೋಯ್ತು. ವೆಂಡೆಲ್‌ಗೆ ಮಾತ್ರ ಇನ್ನೂ ಆಗ್ಲಿಲ್ಲ! ಆಚೆ ಕಡೆ ಅವನು, ಈಚೆ ಕಡೆ ಈ ಚಾನೊ. ವಿರೋಧ ಮಾಡೋನ್ನ ತಡ್ಕೋಬಹುದು, ಸಹಾಯ ಮಾಡೋನ್ನ ಹೇಗೆ ತಡ್ಕೊಳ್ಳೋದು?"

ಒಡೆದ ಚೂರುಗಳು ಕತ್ತೆಗಳ ಬೆನ್ನೇರಿ ಹೊರಡುತ್ತವೆ. ಚಾನೊ ಮಂಡಿಯೂರಿ, ಒಣಗಿದ ಪೊದೆಯ ಕೊಂಬೆಯಿಂದ ನೆಲವನ್ನು ಮಗುವಿನ ಬೆನ್ನಿನಂತೆ ಸವರುತ್ತಾನೆ. ದೂರದಲ್ಲಿ ಧೂಳೇಳುತ್ತದೆ.

ಬಂದವರಲ್ಲಿ ಒಬ್ಬರು ಹಣೆಗೆ ಕೈ ಅಡ್ಡ ಹಿಡಿದು ನಾಲ್ಕೂ ದಿಕ್ಕು ನೋಡುತ್ತಾರೆ. "ಇಲ್ಲಿ ಏನೂ ಇಲ್ವಲ್ಲಮ್ಮ?"

ಒಫೇಲಿಯಾ ಅವರ ಗಂಟುಮೋರೆ ಬೆಳಗಿನಿಂದ ಮೊದಲ ಬಾರಿಗೆ ಸಡಿಲವಾಗುತ್ತದೆ.

"ಇಲ್ಲ ಸರ್. ನಮ್ಮಜ್ಜಿ ಕಾಲದಿಂದ್ಲೂ ಹೀಗೇ. ಇದನ್ನ ಹೀಗೇ ಬಿಟ್ಬಿಡಿ, ಅಷ್ಟೇ ನಾವು ಕೇಳ್ತಿರೋದು."